ಎಷ್ಟು ಕೊಟ್ರಮ್ಮಾ?

ಬ್ಯಾಂಕಿನಿಂದ ಫೋನ್ ಬಂದಾಗ ನಾನು ಮಜ್ಜಿಗೆಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. “ಮೇಡಂ, ನಿಮ್ಮ ಅಕೌಂಟಿಗೆ ಒಂದು ಫಾರಿನ್ ರೆಮಿಟೆನ್ಸ್ ಬಂದಿದೆ. ಪರ್ಪಸ್ ಕೋಡ್ ಏನು ಹಾಕ್ಲಿ?” ಅಂದ ಹುಡುಗ. ಹಾಗಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಸ್ಟವ್ ಆಫ್ ಮಾಡಿ, ಏನಪ್ಪಾ ಅದು ಅಂದೆ.

“ಏನಿಲ್ಲ ಮೇಡಂ, ದುಡ್ಡು ಯಾಕೆ ಬಂತು ಅಂತ ಬರೀಬೇಕು. ನಿಮ್ಮೋರು ಯಾರಾದ್ರೂ ಅಮೆರಿಕದಲ್ಲಿ ಇದ್ದಾರಾ? ಫ್ಯಾಮಿಲಿ ಮೇಂಟೆನೆನ್ಸ್ ಅಂತ ಹಾಕಿಬಿಡ್ತೀನಿ, ಇವತ್ತೇ ಕ್ರೆಡಿಟ್ ಆಗುತ್ತೆ. ಬೇರೆ ಏನಾದ್ರೂ ಅಂದ್ರೆ ಇನ್ವಾಯ್ಸು, ಅಗ್ರಿಮೆಂಟು, ಡಿಕ್ಲರೇಷನ್ನು ಎಲ್ಲಾ ಕೇಳ್ತಾರೆ.”

ಅಮೆರಿಕದಲ್ಲಿ ನಮ್ಮೋರು ಯಾರೂ ಇಲ್ಲ. ಅಲ್ಲಿನ ಒಂದು ಪತ್ರಿಕೆಗೆ ನಾನು ಬರೆದ ಲೇಖನದ ಸಂಭಾವನೆ ಅದು. ಹೊರದೇಶದಿಂದ ನನಗೆ ಬಂದ ಮೊದಲ ದುಡ್ಡು, 2024ರ ಆರಂಭದಲ್ಲಿ. ಹುಡುಗ ಒಳ್ಳೆಯವನೇ, ನನ್ನ ಕೆಲಸ ಸುಲಭ ಆಗಲಿ ಅಂತ ಹೇಳಿದ್ದ. ಆದರೆ ಹೊರದೇಶದಿಂದ ಬರುವ ಪ್ರತಿ ಡಾಲರಿಗೂ ಅದು ಯಾಕೆ ಬಂತು ಅನ್ನೋದಕ್ಕೆ ರಿಸರ್ವ್ ಬ್ಯಾಂಕಿನ ಪಟ್ಟಿಯಿಂದ ಒಂದು ಕೋಡ್ ಹಚ್ಚಬೇಕು. ಅನಿವಾಸಿ ಭಾರತೀಯರು ಮನೆಖರ್ಚಿಗೆ ಕಳಿಸೋ ದುಡ್ಡಿಗೆ ಪಿ1301. ಸುದ್ದಿಸಂಸ್ಥೆಯ ಸೇವೆಗೆ ಒಂದು, ಜಾಹೀರಾತಿಗೆ ಒಂದು, ಸಾಫ್ಟ್‌ವೇರಿಗೆ ಬೇರೆ. ಹತ್ತಿರದ ಸಂಬಂಧಿಕರು ಉಡುಗೊರೆಯಾಗಿ ಕಳಿಸಿದ ದುಡ್ಡಿಗೆ ಆದಾಯ ತೆರಿಗೆಯೂ ಇಲ್ಲ. ಅಂದರೆ ಒಂದು ಸಣ್ಣ ಸುಳ್ಳಿಗೆ ಒಪ್ಪಿದ್ದರೆ ಓಡಾಟವೂ ಉಳಿಯುತ್ತಿತ್ತು, ಒಂದಿಷ್ಟು ತೆರಿಗೆಯೂ ಉಳಿಯುತ್ತಿತ್ತೇನೋ.

ನಾನು ಒಪ್ಪಲಿಲ್ಲ. ಮೂರು ಸಲ ಬ್ರಾಂಚಿಗೆ ಹೋಗಿ ಬಂದೆ. ಇನ್ವಾಯ್ಸ್ ಪ್ರಿಂಟು, ಸಂಪಾದಕರ ಇಮೇಲ್ ಪ್ರಿಂಟು, ಪ್ಯಾನ್ ಕಾರ್ಡ್ ಜೆರಾಕ್ಸು, ನಾನು ಬರಹಗಾರ್ತಿ ಅನ್ನೋದಕ್ಕೆ ನಾನೇ ಸಹಿ ಮಾಡಿದ ಒಂದು ಪತ್ರ. ದುಡ್ಡು ಅಕೌಂಟಿಗೆ ಬೀಳೋಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಹರಿಶ್ಚಂದ್ರನ ವಂಶದವಳ ಥರ ಓಡಾಡಿಕೊಂಡಿದ್ದೆ. ಸಿಕ್ಕವರಿಗೆಲ್ಲಾ ಆ ಕಥೆ ಹೇಳಿದೆ.

ಅದೇ ದುಡ್ಡಿನ ಬಗ್ಗೆ ಮುಂದಿನ ತಿಂಗಳೇ ಸುಳ್ಳು ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೊದಲು ಆ ದುಡ್ಡು ಬಂದ ದಾರಿ ಹೇಳಿಬಿಡ್ತೀನಿ, ಯಾಕಂದ್ರೆ ನನ್ನ ಸುಳ್ಳಿಗೆ ನಾನು ಕೊಟ್ಟುಕೊಂಡ ಸಮರ್ಥನೆಯೆಲ್ಲಾ ಆ ದಾರಿಯಲ್ಲೇ ಇದೆ. ಲೇಖನಕ್ಕೆ ಒಪ್ಪಿಕೊಂಡಿದ್ದು 450 ಡಾಲರ್. ಲೇಖನ ಒಪ್ಪಿಗೆ ಆದಾಗ ಅಲ್ಲ, ಪ್ರಕಟವಾದ ನಲವತ್ತೈದು ದಿನಕ್ಕೆ ದುಡ್ಡು. ಅದಕ್ಕೂ ಮೊದಲು ಡಬ್ಲ್ಯೂ-8 ಬಿಇಎನ್ ಅನ್ನೋ ಫಾರಂ ತುಂಬಿ, ನಾನು ಅಮೆರಿಕದ ಪ್ರಜೆ ಅಲ್ಲ, ಕೂತು ಬರೆದಿದ್ದು ಬೆಂಗಳೂರಲ್ಲೇ ಅಂತ ತಿಳಿಸಬೇಕು. ಇಲ್ಲದಿದ್ದರೆ ಅಲ್ಲೇ ತೆರಿಗೆ ಹಿಡಿದುಕೊಳ್ಳೋ ಸಾಧ್ಯತೆ ಇರುತ್ತೆ. ಪೇಪಾಲಿನಲ್ಲಿ ತಗೋತೀಯಾ, ಬ್ಯಾಂಕಿಗೆ ಕಳಿಸಬೇಕಾ ಅಂತ ಕೇಳಿದರು. ಪೇಪಾಲ್ ತನ್ನ ಶುಲ್ಕ ಹಿಡಿದುಕೊಂಡು, ಆಮೇಲೆ ಡಾಲರನ್ನು ರೂಪಾಯಿ ಮಾಡುವಾಗಲೂ ತನ್ನ ರೇಟಿನಲ್ಲಿ ಇನ್ನೊಂದು ಕಚ್ಚು ಕಚ್ಚುತ್ತೆ ಅಂತ ಗೆಳೆಯರು ಹೇಳಿದ್ದರಿಂದ ಬ್ಯಾಂಕೇ ಸಾಕು ಅಂದೆ.

ಅದೇನು ನೇರ ದಾರಿ ಅಲ್ಲ. ಸ್ವಿಫ್ಟ್‌ನಲ್ಲಿ ದುಡ್ಡು ಬರುತ್ತೆ ಅಂತ ನಾವು ಮಾತಿಗೆ ಹೇಳ್ತೀವಿ, ನಿಜಕ್ಕೂ ಸ್ವಿಫ್ಟ್ ಕಳಿಸೋದು ಬರೀ ಸಂದೇಶ. ಬೆಲ್ಜಿಯಂನಲ್ಲಿ ಮುಖ್ಯ ಕಚೇರಿ ಇರುವ ಆ ಸಂಸ್ಥೆ, ಇಂಥವರ ಲೆಕ್ಕದಲ್ಲಿ ಇಷ್ಟು ಕಳೆದು ಅಂಥವರ ಲೆಕ್ಕಕ್ಕೆ ಇಷ್ಟು ಸೇರಿಸಿ ಅಂತ ಬ್ಯಾಂಕಿನಿಂದ ಬ್ಯಾಂಕಿಗೆ ಹೇಳುತ್ತೆ, ಅಷ್ಟೆ. ಆ ಪತ್ರಿಕೆಯ ಬ್ಯಾಂಕಿಗೂ ನನ್ನ ಬ್ಯಾಂಕಿಗೂ ನೇರ ಲೆಕ್ಕ ಇಲ್ಲದಿದ್ದರೆ ನಡುವೆ ಇನ್ನೊಂದು ಬ್ಯಾಂಕು ಬರುತ್ತೆ. ನನ್ನ ವಿಷಯದಲ್ಲಿ ಹಾಗೇ ಆಯಿತು. ನಡುವಿನವರು 20 ಡಾಲರ್ ಹಿಡಿದುಕೊಂಡರು. ಗೂಗಲ್‌ನಲ್ಲಿ ಡಾಲರಿಗೆ 83 ರೂಪಾಯಿ 30 ಪೈಸೆ ತೋರಿಸುತ್ತಿದ್ದ ದಿನ ನನ್ನ ಬ್ಯಾಂಕು ಕೊಟ್ಟ ರೇಟು 82.40. ಅದರ ಮೇಲೆ ಬ್ಯಾಂಕಿನ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ, ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಬೇರೆ ಜಿಎಸ್‌ಟಿ. ಗೂಗಲ್ ಲೆಕ್ಕದಲ್ಲಿ 37,485 ಆಗಬೇಕಿದ್ದದ್ದು ಕೈಗೆ ಬಂದಾಗ 35,132.

ಆದರೂ ಇದು ಸಣ್ಣ ಮೊತ್ತ ಅಲ್ಲ. ಕನ್ನಡ ಪತ್ರಿಕೆಗಳ ಸಂಭಾವನೆಯ ವಿಷಯ ಇಲ್ಲಿ ಎತ್ತೋದು ಬೇಡ, ಅದು ಬೇರೆಯದೇ ಅಳು.

ಲೇಖನ ರಾಮನಗರದ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಬಗ್ಗೆ. ಬೆಂಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರ್, ಮೈಸೂರು ರೈಲು ಹತ್ತಿದರೆ ಒಂದು ನಿದ್ದೆ ಮುಗಿಯೋ ಮೊದಲೇ ಊರು ಬರುತ್ತೆ. ಅಲ್ಲಿನ ಗೂಡಿನ ಮಾರುಕಟ್ಟೆಗೆ ರೈತರು ಗೂಡು ತಂದು ಸುರಿಯುತ್ತಾರೆ, ರೀಲರ್‌ಗಳು ಹರಾಜಿನಲ್ಲಿ ಕೊಳ್ಳುತ್ತಾರೆ, ಊರಿನ ಸಂದಿಗೊಂದಿಗಳಲ್ಲಿ ಇರುವ ಸಣ್ಣ ಸಣ್ಣ ಘಟಕಗಳಲ್ಲಿ ಅದು ನೂಲಾಗುತ್ತೆ. ನನಗೆ ಅಲ್ಲಿ ಒಬ್ಬ ಅಕ್ಕ ಸಿಕ್ಕರು. ಹೆಸರು ಬೇಡ, ಅಕ್ಕ ಅಂತಲೇ ಇರಲಿ. ಬೇಸಿನ್ ಮುಂದೆ ಕೂತು, ಕುದಿನೀರಲ್ಲಿ ಬೆಂದ ಗೂಡುಗಳ ಎಳೆಯ ತುದಿ ಹುಡುಕಿ, ಐದಾರು ಎಳೆ ಒಟ್ಟು ಸೇರಿಸಿ ಮೇಲಿನ ರಾಟೆಗೆ ಹಾಯಿಸೋದು ಅವರ ಕೆಲಸ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತೆ, ತುದಿ ಮಾತ್ರ ಕಣ್ಣಿಗೆ ಕಾಣಲ್ಲ. “ಬೆರಳಿಗೇ ಗೊತ್ತಾಯ್ತದೆ ಕಣಮ್ಮಾ” ಅಂದಿದ್ದರು. ಆ ಬೆರಳುಗಳನ್ನು ನಾನು ಲೇಖನದ ಮೊದಲ ಪ್ಯಾರಾದಲ್ಲೇ ಬರೆದೆ. ದಿನವಿಡೀ ಬಿಸಿನೀರಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿ, ತುದಿಯ ಚರ್ಮ ಸುಲಿದುಹೋಗಿದ್ದವು. ಹುಳದ ವಾಸನೆ ನನಗೆ ಎರಡು ದಿನ ಮೂಗಿನಿಂದ ಹೋಗಲಿಲ್ಲ, ಅವರಿಗೆ ಬರೋದೇ ಇಲ್ಲವಂತೆ.

ನಾಲ್ಕು ಸಲ ಹೋಗಿದ್ದೆ. ಒಂದು ಸಲ ಅರ್ಧ ದಿನ ರಜೆ ಹಾಕಿ ಮಾರುಕಟ್ಟೆ ತೋರಿಸೋಕೆ ಕರಕೊಂಡು ಹೋದರು. ಅವರ ದಿನದ ಕೂಲಿ ಆಗ 400. ಅವತ್ತು 200 ಹೋಯಿತು ಅನ್ನೋದು ನನಗೆ ಎಷ್ಟೋ ದಿನದ ಮೇಲೆ ಹೊಳೆಯಿತು. ನಾನು ಬನ್ನು ಟೀ ಕೊಡಿಸಿದ್ದೆ. ಮಕ್ಕಳಿಗೆ ಕಿತ್ತಳೆ ಹಣ್ಣು.

ದುಡ್ಡು ಬಂದ ಮುಂದಿನ ತಿಂಗಳು ಪತ್ರಿಕೆಯ ಒಂದು ಪ್ರತಿ ತಗೊಂಡು ಹೋದೆ. ಅವರ ಫೋಟೋ ಅರ್ಧ ಪುಟ ಬಂದಿತ್ತು. ಅಕ್ಕಪಕ್ಕದವರೆಲ್ಲಾ ಸೇರಿ ನೋಡಿದರು, ಮಗಳು ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿಕೊಂಡು ಓದಿದಳು. ಕಾಫಿ ಆದ ಮೇಲೆ ಅಕ್ಕ ಸಹಜವಾಗಿ, ನಮ್ಮ ಕಡೆ ಸೀರೆ ಎಷ್ಟಾಯ್ತು ಅಂತ ಕೇಳೋ ಹಾಗೆ ಕೇಳಿದರು. “ಇದಕ್ಕೆ ನಿಂಗೆ ಎಷ್ಟು ಕೊಟ್ರಮ್ಮಾ?”

“ಹತ್ತು ಸಾವಿರ ಅಕ್ಕಾ” ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ತಾನಾಗೇ ಬಂತು. ಅವರು ನನ್ನ ಮುಖ ನೋಡಿ, “ಅಷ್ಟೇನಾ? ನಾಕು ಸಲ ಬಂದು ಹೋಗಿದ್ದೀಯಲ್ಲ, ಬಸ್ ಚಾರ್ಜಾದ್ರೂ ಬೇರೆ ಕೊಟ್ರಾ?” ಅಂದರು. ಪಾಪ ಅನ್ನೋ ದನಿಯಲ್ಲಿ. ಹೊರಡುವಾಗ ಒಂದು ಡಬ್ಬದಲ್ಲಿ ಹುರುಳಿಕಾಳಿನ ಉಪ್ಸಾರು ಹಾಕಿಕೊಟ್ಟರು.

ರೈಲಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಐಡಿಯಾ ಒಪ್ಪಿಸೋಕೇ ಮೂರು ತಿಂಗಳು. ಸಂಪಾದಕರು ಮೂರು ಸಲ ತಿದ್ದಿಸಿದರು. ಓದಿದ್ದು, ಓಡಾಡಿದ್ದು, ಬರೆದಿದ್ದು ಎಲ್ಲಾ ಸೇರಿ ತೊಂಬತ್ತು ಗಂಟೆಯಾದರೂ ಆಗಿದೆ. 35,132ನ್ನು ತೊಂಬತ್ತರಿಂದ ಭಾಗಿಸಿದೆ. ಗಂಟೆಗೆ 390 ರೂಪಾಯಿ ಬಂತು. ಅವರ ದಿನಕ್ಕೆ 400. ಕ್ಯಾಲ್ಕುಲೇಟರ್ ಮುಚ್ಚಿ ಕಿಟಕಿಯಾಚೆ ನೋಡಿಕೊಂಡು ಕೂತೆ.

ನನ್ನ ಗೆಳತಿಯೊಬ್ಬಳು ಸಿಎ, ನನ್ನ ರಿಟರ್ನ್ಸ್ ಹಾಕೋದು ಅವಳೇ. ಅವಳ ಮುಂದೆ ಕೊನೆಗೆ ಬಾಯಿಬಿಟ್ಟೆ. ಅವಳು ಹೇಳಿದ್ದು ಸುಲಭವಾಗಿ ತಳ್ಳಿಹಾಕೋ ಮಾತಲ್ಲ. “ಅಲ್ವೇ, ಅವರಿಗೆ ನಿಜ ಹೇಳಿ ಏನು ಉಪಯೋಗ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವರ ಹೊಟ್ಟೆ ಉರಿಸ್ತೀಯಾ? ನೀನು ಅವರಿಂದ ಏನೂ ಕದ್ದಿಲ್ಲ. ಬರೆಯೋದು ನಿನ್ನ ಕೆಲಸ, ಅದಕ್ಕೆ ದುಡ್ಡು ಬಂತು.” ಇನ್ನೊಂದನ್ನೂ ಸೇರಿಸಿದಳು. ನಿಮ್ಮ ಕಸುಬಲ್ಲಿ ಮಾತಾಡಿಸಿದವರಿಗೆ ದುಡ್ಡು ಕೊಡಬಾರದು ಅಂತ ನಿಯಮವೇ ಇದೆಯಲ್ಲ?

ಇದೆ. ಅಮೆರಿಕದ ವೃತ್ತಿಪರ ಪತ್ರಕರ್ತರ ಸಂಘದ ನೀತಿಸಂಹಿತೆಯೂ ಸುದ್ದಿಗಾಗಿ ದುಡ್ಡು ಕೊಡಬಾರದು ಅನ್ನುತ್ತೆ. ಆ ನಿಯಮದಲ್ಲಿ ನನಗೂ ನಂಬಿಕೆ ಇದೆ. ಕಷ್ಟ ಹೇಳಿದರೆ ಕಾಸು ಸಿಗುತ್ತೆ ಅಂತಾದರೆ, ದೊಡ್ಡ ಕಷ್ಟಕ್ಕೆ ದೊಡ್ಡ ಕಾಸು ಅಂತಾಗುತ್ತೆ. ಆಮೇಲೆ ಯಾರ ಮಾತನ್ನು ಯಾರು ನಂಬೋದು? ಆದರೆ ನಿಯಮ ಹೇಳೋದು ದುಡ್ಡು ಕೊಡಬೇಡ ಅಂತ. ನಿನಗೆ ಬಂದ ದುಡ್ಡು ಎಷ್ಟು ಅನ್ನೋದನ್ನು ಮುಚ್ಚಿಡು ಅಂತ ಎಲ್ಲೂ ಹೇಳಿಲ್ಲ. ಇವೆರಡೂ ಒಂದೇ ಅಂತ ನಾನೇ ಕಲಸಿಕೊಂಡಿದ್ದೆ, ಯಾಕಂದ್ರೆ ಕಲಸಿದರೆ ಅನುಕೂಲ.

ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ ಫೋಟೋ ನೀವು ನೋಡಿರ್ತೀರಿ. ಹರಕು ಡೇರೆ, ಹೆಗಲಿಗೆ ಒರಗಿ ಮುಖ ತಿರುಗಿಸಿಕೊಂಡ ಎರಡು ಮಕ್ಕಳು, ಗಲ್ಲಕ್ಕೆ ಕೈ ಹಚ್ಚಿ ದೂರ ನೋಡ್ತಿರೋ ತಾಯಿ. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ಫೋಟೋ ಜಗತ್ತೆಲ್ಲಾ ಸುತ್ತಿದರೂ ತನಗೆ ಬಿಡಿಗಾಸೂ ಬರಲಿಲ್ಲ ಅನ್ನೋ ಬೇಸರ ಆಕೆಗಿತ್ತು. ಇಲ್ಲಿ ಒಂದು ಸಂಗತಿ ಇದೆ. ಲ್ಯಾಂಗ್‌ಗೂ ಆ ಫೋಟೋದಿಂದ ರಾಯಲ್ಟಿ ಬರಲಿಲ್ಲ. ಸರ್ಕಾರದ ಸಂಬಳಕ್ಕೆ ತೆಗೆದ ಚಿತ್ರ ಅದು, ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಅಂದರೆ ಲೆಕ್ಕಪತ್ರದ ಮಟ್ಟಿಗೆ ಆಕೆ ಏನೂ ಕದ್ದಿರಲಿಲ್ಲ. ಫ್ಲಾರೆನ್ಸ್ ಕಾಯಿಲೆ ಬಿದ್ದಾಗ, 1983ರಲ್ಲಿ, ಮಕ್ಕಳು ಸಹಾಯ ಕೇಳಿದ್ದಕ್ಕೆ ಜನ 35 ಸಾವಿರ ಡಾಲರಿಗೂ ಹೆಚ್ಚು ಕಳಿಸಿದರು. ಫೋಟೋ ಹೊರಬಂದು ನಲವತ್ತೇಳು ವರ್ಷವಾಗಿತ್ತು. ದುಡ್ಡು ಬಂದ ವರ್ಷವೇ ಆಕೆ ತೀರಿಕೊಂಡಳು.

ಗೆಳತಿಗೆ ನಾನು ಇದನ್ನು ಹೇಳಿದಾಗ ಅವಳು, “ನೋಡಿದ್ಯಾ, ಫೋಟೋ ತೆಗೆದವರದ್ದು ಏನೂ ತಪ್ಪಿಲ್ಲ” ಅಂದಳು. ತಪ್ಪಿಲ್ಲ ನಿಜ. ಆದರೆ ಫೋಟೋ ಎಲ್ಲಿಗೆ ಹೋಗುತ್ತೆ, ಅದಕ್ಕೆ ಏನು ಬೆಲೆ ಅನ್ನೋದು ಫ್ಲಾರೆನ್ಸ್‌ಗೆ ಕ್ಯಾಮೆರಾ ಮುಂದೆ ಕೂತಾಗ ಗೊತ್ತಿರಲಿಲ್ಲ. ಅದು ಗೊತ್ತಿದ್ದಿದ್ದರೆ ಬೇಡ ಅನ್ನಬಹುದಿತ್ತು, ಅಥವಾ ಆಗಲಿ, ಆದರೆ ಹೀಗೆ ಅಂತ ಷರತ್ತು ಹಾಕಬಹುದಿತ್ತು.

ಇದು ನನಗೆ ಅರ್ಥ ಆಗಿದ್ದು ಪುಸ್ತಕ ಓದಿ ಅಲ್ಲ, ನನ್ನ ಹೊಟ್ಟೆ ಉರಿದು. ಏಪ್ರಿಲ್‌ನಲ್ಲಿ ಗೊತ್ತಾಯಿತು, ಅದೇ ಪತ್ರಿಕೆಗೆ ಅಮೆರಿಕದಲ್ಲೇ ಇರುವ ಒಬ್ಬರು ಬರೆದ ಲೇಖನಕ್ಕೆ ಪದಕ್ಕೆ ಒಂದು ಡಾಲರ್ ಕೊಟ್ಟಿದ್ದರು ಅಂತ. ನನ್ನದು 1,500 ಪದ, 450 ಡಾಲರ್. ಪದಕ್ಕೆ ಮೂವತ್ತು ಸೆಂಟ್. ಸಂಪಾದಕರಿಗೆ ಬಹಳ ವಿನಯದಿಂದ ಬರೆದೆ: ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ಕೊಡ್ತೀರಿ, ತಿಳಿಸಬಹುದೇ? ಅವರೂ ವಿನಯದಿಂದಲೇ ಉತ್ತರಿಸಿದರು. ಹಲವು ಅಂಶಗಳ ಮೇಲೆ ದರ ನಿರ್ಧಾರ ಆಗುತ್ತೆ, ನಿಮ್ಮ ಕೆಲಸ ನಮಗೆ ತುಂಬಾ ಮೆಚ್ಚುಗೆಯಾಗಿದೆ. ಅಷ್ಟೆ. ಒಂದು ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಅವರು ಕಡಿಮೆ ಕೊಟ್ಟಿದ್ದಕ್ಕಿಂತ ಅಂಕಿ ಹೇಳದೇ ಇದ್ದದ್ದು ಹೆಚ್ಚು ಉರಿಸಿತು. ಅಂಕಿ ಗೊತ್ತಿದ್ದರೆ ನಾನು 700 ಕೇಳುತ್ತಿದ್ದೆ. ಸಿಗುತ್ತಿತ್ತೋ ಇಲ್ಲವೋ, ಕೇಳುತ್ತಿದ್ದೆ. ಅವರು ನನ್ನನ್ನು ಹುಡುಕಿಕೊಂಡಿದ್ದೇ ವಿಮಾನದ ಟಿಕೆಟ್ ಉಳಿಯುತ್ತೆ, ಭಾಷೆ ಗೊತ್ತು, ಅಗ್ಗ ಅಂತ. ಆ ಅಗ್ಗ ಅನ್ನೋದು ನನ್ನಿಂದ ಗುಟ್ಟಾಗಿದ್ದರೆ ಮಾತ್ರ ಉಳಿಯೋ ಅಂಥದ್ದು.

ಸಿಟ್ಟು ಇಳಿದ ಮೇಲೆ ನೆನಪಾಗಿದ್ದು ಹುರುಳಿಕಾಳಿನ ಡಬ್ಬ. ಸಂಪಾದಕರು ಕೊನೇಪಕ್ಷ ಸುಳ್ಳಂತೂ ಹೇಳಿರಲಿಲ್ಲ.

ಇದನ್ನು ಓದ್ತಿರೋರಲ್ಲಿ ಐಟಿಯವರೇ ಜಾಸ್ತಿ ಅಂತ ನನಗೆ ಗೊತ್ತು. ನಿಮ್ಮ ಒಂದು ಗಂಟೆಗೆ ಕಂಪನಿ ಹೊರದೇಶದ ಕ್ಲೈಂಟಿನಿಂದ ಎಷ್ಟು ಡಾಲರ್ ವಸೂಲಿ ಮಾಡುತ್ತೆ ಅನ್ನೋದು ನಿಮಗೆ ಗೊತ್ತಾ? ಗೊತ್ತಾದ ದಿನ ಹೇಗನಿಸಿತು? ಆ ದಿನ ಸಂಜೆ ಮನೆಕೆಲಸದವರು ನೂರು ರೂಪಾಯಿ ಹೆಚ್ಚು ಕೇಳಿದಾಗ, “ಅಯ್ಯೋ, ನಮಗೇ ಎಷ್ಟು ಬರುತ್ತೆ ಹೇಳಿ” ಅಂದಿದ್ದು ನೆನಪಿದೆಯಾ? ನಾನಂತೂ ಅಂದಿದ್ದೀನಿ. ಮೇಲಿನವರು ಅಂಕಿ ಮುಚ್ಚಿಟ್ಟರೆ ಅನ್ಯಾಯ, ನಾವು ಮುಚ್ಚಿಟ್ಟರೆ ಅದು ಸೂಕ್ಷ್ಮತೆ, ಬೇರೆಯವರ ಮನಸ್ಸು ನೋಯಿಸಬಾರದು ಅನ್ನೋ ಕಾಳಜಿ.

ಕೇಳದೇ ಇದ್ದರೆ ಹೇಳಬೇಕಿತ್ತಾ ಅನ್ನೋದು ನನಗಿನ್ನೂ ಬಗೆಹರಿದಿಲ್ಲ. ಕಂಡಕಂಡವರಿಗೆಲ್ಲಾ ನನ್ನ ಆದಾಯ ಸಾರಿಕೊಂಡು ಬರೋದರಲ್ಲಿ ಅಂಥ ದೊಡ್ಡತನವೇನೂ ಇಲ್ಲ. ಆದರೆ ಅಕ್ಕ ಕೇಳಿದರು. ಅವರದೇ ಮುಖ, ಅವರದೇ ಬೆರಳು, ಅವರದೇ ಅರ್ಧ ದಿನದ ಕೂಲಿ. ಆ ಪ್ರಶ್ನೆ ಕೇಳೋ ಹಕ್ಕು ಬ್ಯಾಂಕಿನ ಹುಡುಗನಿಗಿಂತ ಅವರಿಗೇ ಹೆಚ್ಚಿತ್ತು. ಹುಡುಗನಿಗೆ ನಿಜ ಹೇಳೋಕೆ ಒಂಬತ್ತು ದಿನ ಕಾದವಳು ಇವರಿಗೆ ಒಂದು ಕ್ಷಣ ಕೂಡ ಕಾಯಲಿಲ್ಲ. ಹುಡುಗನ ಹಿಂದೆ ವಿದೇಶಿ ವಿನಿಮಯದ ಕಾನೂನು ಇತ್ತು, ದಂಡ ಇತ್ತು. ಅಕ್ಕನ ಹಿಂದೆ ಏನೂ ಇರಲಿಲ್ಲ. ನನ್ನ ಪ್ರಾಮಾಣಿಕತೆ ಅಂತ ನಾನು ಹೇಳಿಕೊಂಡು ತಿರುಗಿದ್ದರಲ್ಲಿ ಭಯ ಎಷ್ಟಿತ್ತು ಅಂತ ಆಗ ಗೊತ್ತಾಯಿತು.

ಜೂನ್‌ನಲ್ಲಿ ಹೋದೆ. ಡಬ್ಬ ವಾಪಸ್ ಕೊಡೋ ನೆಪ. ಖಾಲಿ ಡಬ್ಬ ಕೊಡಬಾರದು ಅಂತ ಅಮ್ಮ ಚಕ್ಕುಲಿ ತುಂಬಿಸಿದ್ದರು. ಅದು ಇದು ಮಾತಾಡಿ, ಹೊರಡೋ ಹೊತ್ತಿಗೆ ಹೇಳಿದೆ. “ಅಕ್ಕಾ, ಅವತ್ತು ಹತ್ತು ಸಾವಿರ ಅಂದಿದ್ದೆನಲ್ಲ, ಅದು ಸುಳ್ಳು. ನನ್ನ ಕೈಗೆ ಬಂದಿದ್ದು ಮೂವತ್ತೈದು ಸಾವಿರ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೆರಳಲ್ಲಿ ಲೆಕ್ಕ ಹಾಕಿದರು. “ಮೂರು ತಿಂಗಳ ಮೇಲೇ ಆಯ್ತು ನಮ್ ಕೂಲಿ” ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ಅದ್ಯಾಕಮ್ಮಾ ಸುಳ್ಳು ಹೇಳ್ದೆ? ನಾನೇನು ಪಾಲು ಕೇಳ್ತಿದ್ನಾ?”

ಕೇಳಬಹುದು ಅನ್ನೋ ಹೆದರಿಕೆಯೇ ಅಕ್ಕಾ ಅಂತ ಹೇಳೋಕೆ ಬಾಯಿ ಬರಲಿಲ್ಲ. ಗೊತ್ತಾಗಲಿಲ್ಲ ಅಕ್ಕಾ, ತಪ್ಪಾಯ್ತು ಅಂದೆ. ಅದು ಎರಡನೇ ಸುಳ್ಳು. ಅವತ್ತು ಊಟಕ್ಕೆ ಏಳು ಅನ್ನಲಿಲ್ಲ. ಮಗಳು ರಸ್ತೆಯವರೆಗೂ ಕಳಿಸಿಕೊಡೋಕೆ ಬರುತ್ತಿದ್ದಳು, ಬರಲಿಲ್ಲ. ಗೆಳತಿ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು.

ಹದಿನೈದು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಮಗಳ ಪಿಯುಸಿ ಫೀಸಿಗೆ ಐದು ಸಾವಿರ ಸಾಲ ಬೇಕಿತ್ತು. “ಸಾಲಾನೇ ಕಣಮ್ಮಾ, ಪುಕ್ಕಟೆ ಬೇಡ” ಅಂತ ಎರಡು ಸಲ ಹೇಳಿದರು. ನಾನು ಕಳಿಸಿದೆ. ಕಳಿಸುವಾಗಲೇ ಗೊತ್ತಿತ್ತು, ಇನ್ನು ಇವರ ಬಗ್ಗೆ ಬರೆಯೋಕೆ ನನಗೆ ಆಗಲ್ಲ ಅಂತ. ಸಾಲ ಕೊಟ್ಟವಳು, ಇಸ್ಕೊಂಡವರ ಕಥೆ ಬರೆದು ಮತ್ತೆ ದುಡ್ಡು ತಗೊಂಡರೆ ಅದಕ್ಕೆ ಯಾವ ಪಟ್ಟಿಯಲ್ಲೂ ಕೋಡ್ ಇರಲಿಕ್ಕಿಲ್ಲ. ತಿಂಗಳಿಗೆ ಐನೂರರಂತೆ ಮಗಳ ಫೋನಿನಿಂದ ವಾಪಸ್ ಬರ್ತಿದೆ. ಪೂರ್ತಿ ಐನೂರು ಬರುತ್ತೆ, ನಡುವೆ ಯಾರೂ ಹಿಡಿದುಕೊಳ್ಳಲ್ಲ.

ಹೋದ ವಾರ ಅದೇ ಸಂಪಾದಕರ ಮೇಲ್ ಬಂತು. ರೇಷ್ಮೆ ಲೇಖನಕ್ಕೆ ಓದುಗರಿಂದ ಒಳ್ಳೆಯ ಪ್ರತಿಕ್ರಿಯೆ ಬಂದಿದೆಯಂತೆ. ಆ ಹೆಂಗಸು ಈಗ ಹೇಗಿದ್ದಾರೆ, ಮಗಳು ಏನು ಓದ್ತಿದ್ದಾಳೆ ಅಂತ ಇನ್ನೊಂದು ಲೇಖನ ಬರೆದುಕೊಡ್ತೀಯಾ, ಈ ಸಲ 600 ಡಾಲರ್ ಕೊಡ್ತೀವಿ ಅಂದಿದ್ದಾರೆ. ಉತ್ತರ ಬರೆಯೋ ಮೊದಲು ಅಕ್ಕನಿಗೆ ಫೋನ್ ಮಾಡಿ, ಮೇಲ್‌ನಲ್ಲಿ ಏನಿದೆ ಅಂತ ಅಂಕಿಸಮೇತ ಹೇಳಿದೆ. ಭಾನುವಾರ ಬಾ, ಮಾತಾಡಣ ಅಂದಿದ್ದಾರೆ.